ನಾಯಿಗೂ ಕರೆಂಟಾ ಅಂತ ನಗುವ ಮೊದಲು

'ಮನುಷ್ಯರಿಗೇ ಗತಿ ಇಲ್ಲ, ಅಲ್ಲೆಲ್ಲೋ ನಾಯಿ ಮೂಗಿಗೆ ಕರೆಂಟ್ ಇಡ್ತಾರಂತೆ!'

ಅಮೆರಿಕದಲ್ಲಿ ನಾಯಿಗಳ ಮೂಗಿನ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡುತ್ತಾರೆ ಎಂದು ಹೇಳಿ ನೋಡಿ. ಅರಳಿಕಟ್ಟೆಯಲ್ಲಿ ಕೂತವರಲ್ಲಿ ಹತ್ತಕ್ಕೆ ಎಂಟು ಜನ ಇದೇ ಮಾತು ಆಡುತ್ತಾರೆ. ಉಳಿದ ಇಬ್ಬರು ನಗುತ್ತಾರೆ.

ಆ ನಗುವಿನ ಹಿಂದೆ ಒಂದು ಸಂಕಟ ಇದೆ, ಅದು ನಮಗೆ ಅರ್ಥವಾಗುತ್ತದೆ. ನಮ್ಮ ಕಡೆಯ ರೋಗಿ ಕರೆಂಟ್ ಇಡಿಸಿಕೊಳ್ಳಲು ಬೆಂಗಳೂರಿನ ಕಿದ್ವಾಯಿಗೋ ಅದರ ಕಲಬುರಗಿ ಕೇಂದ್ರಕ್ಕೋ ಹೋಗಬೇಕು. ಹೋದರೆ ವಾರಗಟ್ಟಲೆ ಅಲ್ಲೇ ಇರಬೇಕು. ಜೊತೆಗೊಬ್ಬರು ಕೂಲಿ ಬಿಟ್ಟು ಕೂರಬೇಕು, ಊಟಕ್ಕೆ, ರೂಮಿಗೆ ಸಾಲ ಮಾಡಬೇಕು. ಇಷ್ಟನ್ನು ಕಂಡವರಿಗೆ ನಾಯಿಯ ರೇಡಿಯೇಷನ್ ಸುದ್ದಿ ಕೇಳಿದರೆ ಹೊಟ್ಟೆ ಉರಿಯುವುದು ಸಹಜ.

ಆದರೆ ಈ ನಗು ನಮ್ಮ ಊರಿನ ನಾಯಿಯನ್ನು ಕೊಲ್ಲುತ್ತಿದೆ ಎಂಬುದು ನಮ್ಮ ತಕರಾರು. ಅಮೆರಿಕದ ನಾಯಿಗೆ ಇದರಿಂದ ಏನೂ ಆಗುವುದಿಲ್ಲ. 'ನಾಯಿ ಮೂಗಿನ ಗಡ್ಡೆ ಅಂದರೆ ಲಕ್ಷಾಂತರ ರೂಪಾಯಿ ಬಾಬ್ತು, ಶ್ರೀಮಂತರ ಚಾಳಿ' ಎಂದು ನಾವು ತೀರ್ಮಾನ ಮಾಡಿಬಿಟ್ಟಿದ್ದೇವೆ. ಹಾಗಾಗಿ ನಮ್ಮ ಹಟ್ಟಿಯ ನಾಯಿಗೆ ಮೂಗಿನಿಂದ ರಕ್ತ ಬಂದರೆ ಅದಕ್ಕೂ ಅದೇ ತೀರ್ಪು. ನಮ್ಮ ಕಡೆ ನಾಯಿಯ ಮೂಗಿನಿಂದ ರಕ್ತ ಬರುವ ಕಾರಣಗಳಲ್ಲಿ ಹಲವು ಕೆಲವೇ ನೂರು ರೂಪಾಯಿಯ ಔಷಧಿಗೆ ವಾಸಿಯಾಗುವಂಥವು. ಈ ಮಾತನ್ನು ಯಾರೂ ಜೋರಾಗಿ ಹೇಳುತ್ತಿಲ್ಲ.

ಮೊದಲು ಆ ವಿದೇಶದ ಚಿಕಿತ್ಸೆ ಏನೆಂದು ನೋಡೋಣ. ನಗುವುದಿದ್ದರೂ ತಿಳಿದು ನಗಬಹುದು.

ನಾಯಿಯ ಮೂಗಿನೊಳಗೆ ಎಲೆಕೋಸಿನ ಪದರದ ಹಾಗೆ ಸುರುಳಿ ಸುರುಳಿಯಾದ ತೆಳ್ಳನೆಯ ಎಲುಬುಗಳಿರುತ್ತವೆ. ಪಕ್ಕದಲ್ಲೇ ಕಣ್ಣು, ಹಿಂದೆ ಜರಡಿಯಂಥ ಒಂದು ಎಲುಬು, ಅದರಾಚೆ ಮೆದುಳು. ವಯಸ್ಸಾದ ನಾಯಿಗಳಲ್ಲಿ, ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸಿನಲ್ಲಿ, ಇಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆಯುವುದುಂಟು. ನಾಯಿಗಳಿಗೆ ಬರುವ ಎಲ್ಲ ಗಡ್ಡೆಗಳಲ್ಲಿ ಇದು ನೂರಕ್ಕೆ ಒಂದೆರಡು ಮಾತ್ರ. ಮೊದಲು ಒಂದೇ ಹೊಳ್ಳೆಯಲ್ಲಿ ರಕ್ತ, ಸೀನು, ಗೊರಕೆ. ಆಮೇಲೆ ಮುಖ ಊದುತ್ತದೆ, ಕಣ್ಣು ಸುರಿಯುತ್ತದೆ. ಮೆದುಳಿಗೆ ಹೊಕ್ಕರೆ ಫಿಟ್ಸ್. ಕತ್ತರಿಸಿ ತೆಗೆದರೆ ಆಯಿತಲ್ಲ ಎನ್ನಬಹುದು. ಆದರೆ ಆ ಸುರುಳಿಗಳ ಸಂದುಗೊಂದಿನಿಂದ ಗಡ್ಡೆಯನ್ನು ಪೂರ್ತಿ ತೆಗೆಯಲು ಆಗುವುದಿಲ್ಲ. ಬರೀ ಆಪರೇಷನ್‌ನಿಂದ ಆಯಸ್ಸು ಹೆಚ್ಚುವುದಿಲ್ಲ ಎಂಬುದು ಪಶುವೈದ್ಯರು ಹಿಂದಿನಿಂದ ಕಂಡುಕೊಂಡ ಸತ್ಯ.

ಅದಕ್ಕೇ ರೇಡಿಯೇಷನ್. ಮನುಷ್ಯರಿಗೆ ಬಳಸುವ ಅದೇ ಬಗೆಯ ಯಂತ್ರ. ಮೊದಲು ಸಿಟಿ ಸ್ಕ್ಯಾನ್ ಮಾಡಿ ಗಡ್ಡೆಯ ನಕ್ಷೆ ತೆಗೆಯುತ್ತಾರೆ. ನಂತರ ಪ್ರತಿ ಸಲವೂ ನಾಯಿಗೆ ಅರಿವಳಿಕೆ ಕೊಟ್ಟು ಮಲಗಿಸುತ್ತಾರೆ. ಅದು ಕಾಲಿಂಚು ಅಲುಗಿದರೂ ಕಿರಣ ಕಣ್ಣಿಗೆ ಬೀಳುತ್ತದೆ ನೋಡಿ. ಹಳೆಯ ಕ್ರಮದಲ್ಲಿ ಮೂರು-ನಾಲ್ಕು ವಾರ, ಸೋಮವಾರದಿಂದ ಶುಕ್ರವಾರ ದಿನಾ ಸ್ವಲ್ಪ ಸ್ವಲ್ಪ ಕೊಡುತ್ತಾರೆ. ಕ್ಯಾನ್ಸರ್ ಕಣ ಸಾಯಬೇಕು, ಪಕ್ಕದ ಒಳ್ಳೆಯ ಕಣಕ್ಕೆ ಸುಧಾರಿಸಿಕೊಳ್ಳಲು ಸಮಯ ಸಿಗಬೇಕು ಎಂಬುದು ಅದರ ಲೆಕ್ಕ. ಹೊಸ ಯಂತ್ರಗಳಲ್ಲಿ ಗುರಿ ಹೆಚ್ಚು ನಿಖರವಾದ್ದರಿಂದ ಒಂದರಿಂದ ಐದು ದಿನದೊಳಗೆ ದೊಡ್ಡ ಪ್ರಮಾಣದಲ್ಲಿ ಕೊಟ್ಟು ಮುಗಿಸುತ್ತಾರೆ. ಖರ್ಚು ಸಾವಿರಾರು ಡಾಲರ್. ರೂಪಾಯಿಯಲ್ಲಿ ಹೇಳಿದರೆ ಲಕ್ಷಗಳು.

ಇಷ್ಟು ಮಾಡಿದರೆ ಸಿಗುವುದೇನು? 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೂಗಿನ ಕ್ಯಾನ್ಸರ್ ಇದ್ದು ಚಿಕಿತ್ಸೆ ಪಡೆಯದ 139 ನಾಯಿಗಳ ಲೆಕ್ಕ ನೋಡಿದ್ದರು. ಅರ್ಧದಷ್ಟು ನಾಯಿಗಳು ರೋಗ ಗೊತ್ತಾದ 95 ದಿನಗಳೊಳಗೆ ತೀರಿಕೊಂಡಿದ್ದವು. ಪೂರ್ತಿ ರೇಡಿಯೇಷನ್ ಕೊಟ್ಟರೆ ಈ ಅವಧಿ ಸುಮಾರು ಒಂದು ವರ್ಷಕ್ಕೆ ಏರುತ್ತದೆ, ಕೆಲವಕ್ಕೆ ಒಂದೂವರೆ ವರ್ಷ. ಪೂರ್ತಿ ವಾಸಿಯಾಗುವುದು ಅಪರೂಪ. ಬಾಯಿಹುಣ್ಣು, ಚರ್ಮ ಸುಲಿಯುವುದು, ಕಣ್ಣು ಒಣಗುವುದು, ಮುಂದೆ ಪೊರೆ ಬರುವುದು, ಇವೆಲ್ಲ ಜೊತೆಗೆ ಇದ್ದೇ ಇರುತ್ತವೆ. ಹತ್ತು-ಹನ್ನೆರಡು ವರ್ಷ ಬದುಕುವ ಪ್ರಾಣಿಗೆ ಒಂದು ವರ್ಷ ಸಣ್ಣದಲ್ಲ. ಹಾಗಂತ ಅದನ್ನು ಪವಾಡ ಎನ್ನಲೂ ಆಗದು.

ಇಲ್ಲಿ ಇನ್ನೊಂದು ಬಣದ ಜೊತೆಗೂ ನಮ್ಮ ಜಗಳ ಇದೆ. ದೊಡ್ಡ ಊರುಗಳಲ್ಲಿ ಈಗ ಒಂದು ಮಾತು ಶುರುವಾಗಿದೆ: 'ನಿಜವಾಗಿ ಪ್ರೀತಿ ಇದ್ದರೆ ಎಷ್ಟಾದರೂ ಖರ್ಚು ಮಾಡುತ್ತಾರೆ.' ಪ್ರೀತಿಯನ್ನು ಬಿಲ್ಲಿನಲ್ಲಿ ಅಳೆಯುವ ಈ ಮಾತು ಅರಳಿಕಟ್ಟೆಯ ನಗುವಿನಷ್ಟೇ ಕೆಟ್ಟದ್ದು. ಹನ್ನೊಂದು ವರ್ಷದ ನಾಯಿಗೆ ಹದಿನೈದು ಸಲ ಅರಿವಳಿಕೆ ಬೇಡ, ನೋವಿಗೆ ಔಷಧಿ ಕೊಟ್ಟು ಇರುವಷ್ಟು ದಿನ ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳುತ್ತೇವೆ, ತೀರಾ ಉಸಿರು ಕಟ್ಟಿದ ದಿನ ಡಾಕ್ಟರಿಂದ ಇಂಜೆಕ್ಷನ್ ಹಾಕಿಸಿ ಕಳಿಸಿಕೊಡುತ್ತೇವೆ ಎನ್ನುವವರು ಕಟುಕರಲ್ಲ. ಅದೂ ಸರಿಯಾದ ಚಿಕಿತ್ಸೆಯೇ.

ಈಗ ನಮ್ಮ ಊರಿಗೆ ಬರೋಣ.

ನಮ್ಮ ಬೀದಿನಾಯಿ, ಹೊಲದ ನಾಯಿ, ಕುರಿನಾಯಿಗಳಲ್ಲಿ ಮೇಲೆ ಹೇಳಿದ್ದಕ್ಕಿಂತ ಬಹಳ ಹೆಚ್ಚಾಗಿ ಕಾಣುವುದು ಬೇರೆಯೇ ಒಂದು ಗಡ್ಡೆ. ಡಾಕ್ಟರುಗಳು ಅದನ್ನು ಟಿವಿಟಿ ಎನ್ನುತ್ತಾರೆ. ನಾಯಿಯಿಂದ ನಾಯಿಗೆ ಅಂಟುವ ಕ್ಯಾನ್ಸರ್ ಅದು. ವೈರಸ್ಸಿನಿಂದ ಬರುವುದಲ್ಲ. ಕ್ಯಾನ್ಸರ್ ಕಣವೇ ಒಂದು ನಾಯಿಯಿಂದ ಇನ್ನೊಂದಕ್ಕೆ ಹೋಗಿ ನಾಟಿಕೊಂಡು ಬೆಳೆಯುತ್ತದೆ, ಕಬ್ಬಿನ ತುಂಡು ನೆಟ್ಟ ಹಾಗೆ. ಸಾವಿರಾರು ವರ್ಷಗಳ ಹಿಂದೆ ಏಷ್ಯಾದ ಯಾವುದೋ ಒಂದು ನಾಯಿಯಲ್ಲಿ ಹುಟ್ಟಿದ ಗಡ್ಡೆಯ ಕಣಗಳೇ ಇವತ್ತು ಲೋಕದ ತುಂಬ ಹರಡಿವೆ ಎಂದು ವಿಜ್ಞಾನಿಗಳು ವಂಶವಾಹಿ ಪರೀಕ್ಷೆಯಿಂದ ಕಂಡುಕೊಂಡಿದ್ದಾರೆ. ಬೆದೆಯ ಕಾಲದಲ್ಲಿ ಕೂಡುವಾಗ ಹರಡುತ್ತದೆ. ಮೂಸಿದಾಗ, ನೆಕ್ಕಿದಾಗ ಮೂಗು-ಬಾಯಿಗೂ ನಾಟುತ್ತದೆ, ಅದಕ್ಕೇ ಮೂಗಿನ ಗಡ್ಡೆ ಗಂಡುನಾಯಿಗಳಲ್ಲಿ ಹೆಚ್ಚು. ಮನುಷ್ಯರಿಗೆ ಇದು ಅಂಟುವುದಿಲ್ಲ.

ಹೊರಗಿನಿಂದ ನೋಡಿದರೆ ಎರಡೂ ಒಂದೇ. ಅದೇ ರಕ್ತ, ಅದೇ ಸೀನು, ಅದೇ ಊದಿದ ಮೂತಿ. ವ್ಯತ್ಯಾಸ ಇರುವುದು ಔಷಧಿಯಲ್ಲಿ. ಟಿವಿಟಿಗೆ ವಿನ್‌ಕ್ರಿಸ್ಟಿನ್ ಎಂಬ ಇಂಜೆಕ್ಷನ್ ವಾರಕ್ಕೊಂದರಂತೆ ನಾಲ್ಕರಿಂದ ಆರು ವಾರ, ಕೆಲವಕ್ಕೆ ಎಂಟು ವಾರ ಕೊಟ್ಟರೆ ಹತ್ತರಲ್ಲಿ ಒಂಬತ್ತು ನಾಯಿ ಪೂರ್ತಿ ವಾಸಿಯಾಗುತ್ತವೆ. ಕೋಟಿಗಟ್ಟಲೆಯ ಯಂತ್ರ ಬೇಡ. ಇಂಜೆಕ್ಷನ್‌ಗೆ ಬಗ್ಗದ ಕೆಲವೇ ಗಡ್ಡೆಗಳಿಗೆ ರೇಡಿಯೇಷನ್ ಕೊಡುತ್ತಾರೆ, ಟಿವಿಟಿ ಅದಕ್ಕೆ ಬಹಳ ಬೇಗ ಕರಗುತ್ತದೆ.

ಈ ವಿನ್‌ಕ್ರಿಸ್ಟಿನ್ ಬಂದದ್ದು ಎಲ್ಲಿಂದ ಗೊತ್ತೇ? ನಮ್ಮ ಅಂಗಳದಲ್ಲಿ, ಗುಡಿಯ ಪಕ್ಕದಲ್ಲಿ, ಸ್ಮಶಾನದ ಬೇಲಿಯಲ್ಲಿ ವರ್ಷವಿಡೀ ಗುಲಾಬಿ-ಬಿಳಿ ಹೂ ಬಿಡುವ ನಿತ್ಯಪುಷ್ಪದ ಗಿಡದಿಂದ. ಕೆಲವು ಕಡೆ ಕಾಶಿಕಣಗಿಲೆ ಎನ್ನುತ್ತಾರೆ. ಅಮೆರಿಕ 1963ರಲ್ಲಿ ಇದರ ಔಷಧಿಗೆ ಅನುಮತಿ ಕೊಟ್ಟಿತು. ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಇವತ್ತಿಗೂ ಇದೇ ಔಷಧಿ ಬಳಕೆಯಲ್ಲಿದೆ. (ದಯವಿಟ್ಟು ಎಲೆ ಅರೆದು ನಾಯಿಗೆ ಕುಡಿಸಲು ಹೋಗಬೇಡಿ. ಆ ಗಿಡ ವಿಷ. ಟನ್ನುಗಟ್ಟಲೆ ಎಲೆಯಿಂದ ಚಿಟಿಕೆಯಷ್ಟು ಔಷಧಿ ತೆಗೆಯುತ್ತಾರೆ.)

ಅಂಗಳದ ಹೂವಿನಿಂದ ಬಂದ ಔಷಧಿ ಅಂಗಳದ ನಾಯಿಗೆ ಸಿಗುವುದಿಲ್ಲ. ನಮ್ಮ ಸಿಟ್ಟು ಇದಕ್ಕೆ.

ಒಂದು ಪ್ರಸಂಗ ಹೇಳಬೇಕು. ನಮ್ಮ ಬಳಗದಲ್ಲೊಬ್ಬರ ಊರ ಕಡೆ ಕುರಿ ತರುಬಲು ಬಂದಿದ್ದ ಒಬ್ಬ ಕುರುಬಣ್ಣನ ನಾಯಿಗೆ ಮೂಗಿನಿಂದ ರಕ್ತ ಬರುತ್ತಿತ್ತು. ಕುರಿಹಿಂಡಿಗೆ ನಾಯಿ ಅಂದರೆ ಏನೆಂದು ಹಳ್ಳಿಯವರಿಗೆ ಹೇಳಬೇಕಿಲ್ಲ. ರಾತ್ರಿ ತೋಳ ಬಂದರೆ ಮೊದಲು ಏಳುವುದು ಅದೇ. ಆತ ನಾಯಿಯನ್ನು ಹೆಗಲ ಮೇಲೆ ಹೊತ್ತು ಹತ್ತಿರದ ಪಶು ಆಸ್ಪತ್ರೆಗೆ ಹೋದ. 'ಕುರಿ ಇದ್ರ ತಗೊಂಡ್ ಬಾರಪ್ಪ, ನಾಯಿಗೆ ಇಲ್ಲಿ ಔಷಧಿ ಇಲ್ಲ' ಎಂದು ಕಳಿಸಿದರು. ಯಾರೋ ಹೊಗೆಸೊಪ್ಪಿನ ನೀರು ಬಿಡು ಅಂದರು, ಬಿಟ್ಟ. ಇನ್ಯಾರೋ ಬರೆ ಹಾಕು ಅಂದರು, ಹಾಕಿದ. ತಿಂಗಳೊಳಗೆ ಮೂಗಿನ ಮೇಲೆ ತೂತಾಗಿ ಹುಳ ಬಿದ್ದವು. ವಾಸನೆಗೆ ಜನ ಹತ್ತಿರ ಸೇರಿಸಲಿಲ್ಲ. 'ಹುಚ್ಚು ಹಿಡಿದೈತಿ' ಎಂದು ಯಾರೋ ವಿಷ ಹಾಕಿದರು. ಅದರ ಮೂಗಿನಲ್ಲಿ ಇದ್ದದ್ದು ಯಾವ ಗಡ್ಡೆ, ಗಡ್ಡೆಯೋ ಅಲ್ಲವೋ ಎಂದು ಕೊನೆಯವರೆಗೂ ಒಬ್ಬರೂ ನೋಡಲಿಲ್ಲ.

ನೋಡಲು ಏನು ಬೇಕಿತ್ತು? ಗಡ್ಡೆಯ ಚೂರನ್ನು ಗಾಜಿನ ಪಟ್ಟಿಗೆ ಒತ್ತಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಬೇಕಿತ್ತು. ಟಿವಿಟಿಯ ಕಣಗಳು ದುಂಡಗೆ, ಒಳಗೆ ಸಣ್ಣ ಗುಳ್ಳೆಗಳ ಸಾಲಿನೊಂದಿಗೆ ಕಾಣುತ್ತವೆ. ಓದಿದ ಪಶುವೈದ್ಯರಿಗೆ ಇದು ಅರ್ಧ ಗಂಟೆಯ ಕೆಲಸ.

ಎಲ್ಲ ರಕ್ತವೂ ಗಡ್ಡೆಯದಲ್ಲ ಎಂಬುದನ್ನೂ ಹೇಳಬೇಕು. ಉಣ್ಣೆ ಕಚ್ಚಿ ಬರುವ ಜ್ವರದಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಗ್ಗಿ ಮೂಗಿನಿಂದ ರಕ್ತ ಬರುತ್ತದೆ. ಅದಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆ, ಸುಮಾರು ನಾಲ್ಕು ವಾರ. ಇಲಿಪಾಷಾಣ ತಿಂದರೂ ರಕ್ತ ಬರುತ್ತದೆ. ಬೇಗ ಕರೆದೊಯ್ದರೆ ವಿಟಮಿನ್ ಕೆ ಕೊಟ್ಟು ಉಳಿಸಬಹುದು. ಮಲೆನಾಡಿನಲ್ಲಿ ಹಳ್ಳದ ನೀರು ಕುಡಿಯುವಾಗ ಜಿಗಣೆ ಮೂಗಿನೊಳಗೆ ಸೇರಿಕೊಂಡು ದಿನಗಟ್ಟಲೆ ರಕ್ತ ಹರಿಸುವುದುಂಟು. ಜಿಗಣೆ ಕಚ್ಚಿದ ನಾಯಿಗೆ ಕ್ಯಾನ್ಸರ್ ಎಂದು ವಿಷ ಹಾಕಿದವರೂ ಇರಬಹುದು, ಯಾರು ಬಲ್ಲರು?

ಇದಕ್ಕೆ ಬರುವ ಎದುರು ಮಾತುಗಳು ನಮಗೆ ಗೊತ್ತು.

'ಮೊದಲು ಮನುಷ್ಯರನ್ನು ನೋಡಿ' ಎನ್ನುತ್ತಾರೆ. ನೋಡಲೇಬೇಕು. ಜಿಲ್ಲೆ ಜಿಲ್ಲೆಯಲ್ಲೂ ಮನುಷ್ಯರಿಗೆ ರೇಡಿಯೇಷನ್ ಯಂತ್ರ ಬರಲಿ ಎಂದು ಬರೆಯುವವರಲ್ಲಿ ನಾವೇ ಮೊದಲಿಗರು. ಆದರೆ ನಾಯಿಗೆ ವಿನ್‌ಕ್ರಿಸ್ಟಿನ್ ಕೊಡದೆ ಉಳಿಸಿದ ದುಡ್ಡು ಯಾವ ರೋಗಿಯ ಕೈ ಸೇರಿದೆ, ಹೇಳಿ? ನಾಯಿಯನ್ನು ಸಾಯಲು ಬಿಟ್ಟ ಊರುಗಳಲ್ಲಿ ಮನುಷ್ಯರ ಆಸ್ಪತ್ರೆ ಏನು ಉದ್ಧಾರವಾಗಿದೆ? ಪಶು ಆಸ್ಪತ್ರೆಯಲ್ಲಿ ಔಷಧಿ ಇಲ್ಲ ಎಂಬ ಪ್ರಶ್ನೆಗೆ ಮನುಷ್ಯರ ಆಸ್ಪತ್ರೆಯಲ್ಲೂ ಇಲ್ಲ ಎಂಬುದು ಉತ್ತರವಲ್ಲ. ಅಲ್ಲಿಗೆ ದೂರು ಎರಡಾಯಿತು, ಅಷ್ಟೇ.

'ಡಾಕ್ಟರೇ ಇಲ್ಲ' ಎನ್ನುತ್ತಾರೆ. ಇದು ನಿಜ. ಒಬ್ಬ ಡಾಕ್ಟರಿಗೆ ಎರಡು-ಮೂರು ಆಸ್ಪತ್ರೆಯ ಇನ್‌ಚಾರ್ಜ್, ಜೊತೆಗೆ ಕಾಲುಬಾಯಿ ಜ್ವರದ ಲಸಿಕೆ, ದನಗಣತಿ, ಮೇಲಿನವರ ಮೀಟಿಂಗು. ಅವರನ್ನು ಬೈದು ಪ್ರಯೋಜನವಿಲ್ಲ. ಖಾಲಿ ಹುದ್ದೆ ತುಂಬದ ಸರ್ಕಾರವನ್ನು ಬೈಯಬೇಕು. ಆದರೆ 'ಇಲ್ಲಿ ನಾಯಿ ನೋಡಲ್ಲ' ಎನ್ನುವುದು ಬಿಡುವಿಲ್ಲದವರ ಮಾತಲ್ಲ, ಅದು ರೂಢಿಯ ಮಾತು. ನಾಯಿ ಹಾಲು ಕೊಡುವುದಿಲ್ಲ, ಅದಕ್ಕೆ ಇಲಾಖೆಯ ಲೆಕ್ಕದಲ್ಲಿ ಬೆಲೆ ಇಲ್ಲ. ಹೊಲಕ್ಕೆ ಹಂದಿ ಬರದಂತೆ, ಹಟ್ಟಿಗೆ ಚಿರತೆ ಬರದಂತೆ ಕಾಯುವ ನಾಯಿಯ ದುಡಿಮೆಯನ್ನು ಯಾವ ಲೆಕ್ಕದಲ್ಲಿ ಬರೆಯುತ್ತೀರಿ?

'ಹುಚ್ಚುನಾಯಿ ಇದ್ದರೆ?' ಈ ಭಯವನ್ನು ನಾವು ಹಗುರ ಮಾಡುವುದಿಲ್ಲ. ರೇಬೀಸ್ ಬಂದ ಮೇಲೆ ಮನುಷ್ಯ ಉಳಿಯುವುದಿಲ್ಲ. ಲಸಿಕೆ ಹಾಕಿಸದ ನಾಯಿಯ ಮೂಗು-ಬಾಯಿಗೆ ಬರಿಗೈ ಹಾಕಲೇಬೇಡಿ. ನಡವಳಿಕೆ ಬದಲಾಗಿ, ದವಡೆ ಜೋತು, ಜೊಲ್ಲು ಸುರಿಸಿ, ನುಂಗಲಾಗದೆ ಒದ್ದಾಡುವ ನಾಯಿಯಿಂದ ದೂರವಿರಿ, ಡಾಕ್ಟರಿಗೆ ತಿಳಿಸಿ. ಕಚ್ಚಿದರೆ ಅಥವಾ ಜೊಲ್ಲು ಗಾಯಕ್ಕೆ ತಾಗಿದರೆ ಸೋಪು-ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಆದರೆ ರೇಬೀಸ್ ಲಕ್ಷಣ ಶುರುವಾದ ನಾಯಿ ಹತ್ತು ದಿನದೊಳಗೆ ಸಾಯುತ್ತದೆ. ತಿಂಗಳಿಂದ ಮೂಗಿನ ರಕ್ತ ಸುರಿಸುತ್ತ, ಕರೆದರೆ ಬಾಲ ಅಲ್ಲಾಡಿಸುತ್ತ, ಹಾಕಿದ ಅನ್ನ ತಿನ್ನುತ್ತಿರುವ ನಾಯಿಗೆ ಇರುವುದು ಹುಚ್ಚಲ್ಲ, ರೋಗ. ಅದಕ್ಕೆ ವಿಷ ಹಾಕುವುದು ಅಪರಾಧ ಕೂಡ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನ ಪ್ರಕಾರ ಪ್ರಾಣಿಗೆ ವಿಷ ಹಾಕಿದವರಿಗೆ ಐದು ವರ್ಷದವರೆಗೆ ಜೈಲು ಆಗಬಹುದು.

ನಾಯಿಯ ಮೂಗನ್ನು ನೋಡುವುದರಿಂದ ಮನುಷ್ಯರಿಗೂ ಲಾಭವಿದೆ. 1998ರಲ್ಲಿ ಅಮೆರಿಕದಲ್ಲಿ ಎರಡು ಅಧ್ಯಯನಗಳು ಬಂದವು. ಒಂದರಲ್ಲಿ, ಮನೆಯಲ್ಲಿ ಬೀಡಿ-ಸಿಗರೇಟು ಸೇದುವವರಿದ್ದರೆ ಉದ್ದ ಮೂತಿಯ ನಾಯಿಗಳಿಗೆ ಮೂಗಿನ ಕ್ಯಾನ್ಸರ್ ಹೆಚ್ಚು ಎಂದು ಕಂಡಿತು. ಇನ್ನೊಂದರಲ್ಲಿ ಸಿಗರೇಟಿನ ನಂಟು ಕಾಣಲಿಲ್ಲ, ಆದರೆ ಮನೆಯೊಳಗೆ ಕಲ್ಲಿದ್ದಲು, ಸೀಮೆಎಣ್ಣೆಯ ಹೀಟರ್ ಉರಿಸುವ ಮನೆಗಳ ನಾಯಿಗಳಿಗೆ ಈ ಕ್ಯಾನ್ಸರ್ ಹೆಚ್ಚಿತ್ತು. ಎರಡು ಅಧ್ಯಯನಗಳ ಮಾತು ಪೂರ್ತಿ ಹೊಂದುವುದಿಲ್ಲ, ನಿಜ. ಆದರೂ ಹೊಗೆಯ ಕಡೆ ಬೆರಳು ತೋರಿಸುವುದರಲ್ಲಿ ಎರಡೂ ಒಂದೇ. ನಾಯಿ ನಮ್ಮ ಮನೆಯ ಗಾಳಿಯನ್ನೇ ಉಸಿರಾಡುತ್ತದೆ, ಅದರ ಆಯಸ್ಸು ಕಡಿಮೆಯಾದ್ದರಿಂದ ಕೇಡು ಬೇಗ ಕಾಣುತ್ತದೆ. ಒಲೆಯ ಮುಂದೆ ನಲವತ್ತು ವರ್ಷ ಕೂತ ಅವ್ವಂದಿರ ಬಗ್ಗೆ ಕಾಳಜಿ ಇರುವವರು ಒಲೆಯ ಪಕ್ಕ ಮಲಗುವ ನಾಯಿಯ ಮೂಗನ್ನೂ ನೋಡಬೇಕಲ್ಲವೇ? ಮುಧೋಳದ ನಾಯಿ ಅಂದರೆ ನಮಗೆ ಹೆಮ್ಮೆ. ಸೈನ್ಯಕ್ಕೆ ಹೋಯಿತು ಎಂದು ಎದೆ ಉಬ್ಬಿಸುತ್ತೇವೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕೆಂದೇ ಒಂದು ಕೇಂದ್ರ ಇದೆ. ಆ ನಾಯಿಯೂ ಉದ್ದ ಮೂತಿಯದೇ. ಹೆಮ್ಮೆಗೆ ಬೇಕಾದ ನಾಯಿ ಕಾಯಿಲೆ ಬಿದ್ದಾಗ 'ನಾಯಿ ಅಲ್ವಾ' ಆಗಿಬಿಡುತ್ತದೆ.

ತಾಲ್ಲೂಕಿಗೊಂದು ರೇಡಿಯೇಷನ್ ಯಂತ್ರ ತನ್ನಿ ಎಂದು ನಾವು ಕೇಳುತ್ತಿಲ್ಲ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗಗಳ ಪಶುವೈದ್ಯ ಕಾಲೇಜುಗಳಲ್ಲಿ ಇಂಥ ದೊಡ್ಡ ಕಾಯಿಲೆ ನೋಡುವ ವ್ಯವಸ್ಥೆ ಬಲವಾಗಲಿ, ಸಾಕು. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಂದು ಮೈಕ್ರೋಸ್ಕೋಪು, ಬಣ್ಣ, ಔಷಧಿ ಪಟ್ಟಿಯಲ್ಲಿ ವಿನ್‌ಕ್ರಿಸ್ಟಿನ್ ಇರಲಿ. ನಾಯಿ ತಂದವರನ್ನು ಬಾಗಿಲಲ್ಲೇ ವಾಪಸ್ ಕಳಿಸಬಾರದು ಎಂದು ಒಂದು ಸುತ್ತೋಲೆ ಹೊರಡಲಿ. ಟಿವಿಟಿ ಬುಡದಲ್ಲೇ ನಿಲ್ಲಬೇಕಾದರೆ ಸಂತಾನಹರಣ ಆಗಬೇಕು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಈ ಹೊಣೆಯನ್ನು ಪಟ್ಟಣಗಳ ಜೊತೆಗೆ ಪಂಚಾಯಿತಿಗಳ ಮೇಲೂ ಹಾಕಿವೆ. ನಿಮ್ಮ ಗ್ರಾಮಸಭೆಯಲ್ಲಿ ಈ ಬಾಬ್ತು ಎಂದಾದರೂ ಓದಿದ್ದು ಕೇಳಿದ್ದೀರಾ?

ನಿಮ್ಮ ನಾಯಿಗೆ ಈಗಲೇ ರಕ್ತ ಬರುತ್ತಿದ್ದರೆ ಕೆಲವು ಮಾತು. ಯಾವ ಹೊಳ್ಳೆ, ಎಷ್ಟು ದಿನದಿಂದ, ಮೈಮೇಲೆ ಉಣ್ಣೆ ಇದೆಯೇ, ಇಲಿಪಾಷಾಣ ಇಟ್ಟಿದ್ದಿರೇ ಎಂದು ಬರೆದಿಟ್ಟುಕೊಳ್ಳಿ, ಫೋನಿನಲ್ಲಿ ಫೋಟೋ ತೆಗೆಯಿರಿ. ಮೂಗಿಗೆ ಎಣ್ಣೆ, ಸುಣ್ಣ, ಸೀಮೆಎಣ್ಣೆ ಯಾವುದೂ ಬೇಡ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ, ಅದರಿಂದಲೇ ಹೊಟ್ಟೆಯೊಳಗೆ ರಕ್ತ ಹರಿಯಬಹುದು. ಆಸ್ಪತ್ರೆಯಲ್ಲಿ 'ಗಡ್ಡೆ ಇದ್ದರೆ ಟಿವಿಟಿ ಹೌದೋ ಅಲ್ಲವೋ ಪರೀಕ್ಷೆ ಮಾಡಿ' ಎಂದು ಹೆಸರು ಹಿಡಿದು ಕೇಳಿ. ವಿನ್‌ಕ್ರಿಸ್ಟಿನ್ ಅನ್ನು ಡಾಕ್ಟರೇ ನರಕ್ಕೆ ಕೊಡಬೇಕು. ನರದ ಹೊರಗೆ ಸೋರಿದರೆ ಆ ಜಾಗದ ಮಾಂಸ ಕೊಳೆಯುತ್ತದೆ, ಹಾಗಾಗಿ ಗೊತ್ತಿಲ್ಲದವರ ಕೈಯಲ್ಲಿ ಚುಚ್ಚಿಸಬೇಡಿ. ಪ್ರತಿ ಇಂಜೆಕ್ಷನ್ನಿಗೂ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. ಇಂಜೆಕ್ಷನ್ ಆದ ಎರಡು-ಮೂರು ದಿನ ನಾಯಿಯ ಉಚ್ಚೆ, ವಾಂತಿಯನ್ನು ಕೈಗವಸು ಹಾಕಿಕೊಂಡೇ ತೊಳೆಯಿರಿ, ಬಸುರಿ ಹೆಂಗಸರು ಮುಟ್ಟದಿರಲಿ. ಎರಡನೇ ಇಂಜೆಕ್ಷನ್ನಿಗೇ ರಕ್ತ ನಿಂತಿತೆಂದು ಬಿಡಬೇಡಿ, ಗಡ್ಡೆ ಪೂರ್ತಿ ಹೋಗುವವರೆಗೂ ಕೊಡಿಸಬೇಕು.

'ನಾಯಿಗೆ ಔಷಧಿ ಇಲ್ಲ' ಎಂದು ವಾಪಸ್ ಕಳಿಸಿದರೆ, ಆ ಮಾತನ್ನು ಒಂದು ಚೀಟಿಯಲ್ಲಿ ಬರೆದು ಸೀಲು ಹಾಕಿ ಕೊಡಿ ಎಂದು ಕೇಳಿ. ಕೊಟ್ಟರೆ ಅದರ ಫೋಟೋ ನಮಗೆ ಕಳಿಸಿ.